ತಡವಾಗಿ ಏಳುತ್ತಿದ್ದ ಗೆರೆ

ಒಂದು ಊರಿನಲ್ಲಿ ಕಿವಿ ಕೇಳದ ಮಕ್ಕಳ ಶಾಲೆ ಇತ್ತು. ಅಲ್ಲಿ ಮಾತು ಕಲಿಸುತ್ತಿದ್ದವರು ಲಿಲ್ಲಿ ಟೀಚರ್. ಶಾಲೆಯಲ್ಲಿ ಯಾರೋ ದಾನ ಕೊಟ್ಟ ಹಳೇ ಕಾಲದ ಕಂಪ್ಯೂಟರ್ ಇತ್ತು. ಮಗು ಮೈಕಿನ ಮುಂದೆ ದನಿ ತೆಗೆದರೆ ಪರದೆಯ ಮೇಲೆ ಗೆರೆ ಏಳಬೇಕು, ಕಿವಿಗೆ ಕೇಳಿಸದ ತನ್ನ ದನಿಯನ್ನು ಮಗು ಕಣ್ಣಿನಿಂದ ಕಾಣಬೇಕು ಎಂಬುದು ಟೀಚರ್ ಆಸೆ. ಹಳೇ ಯಂತ್ರಗಳ ಹುಚ್ಚಿದ್ದ ಗುರುಪಾದ ಅದಕ್ಕೊಂದು ಪ್ರೋಗ್ರಾಂ ಬರೆದುಕೊಟ್ಟ.

ಗೆರೆ ಎದ್ದಿತು. ಆದರೆ ತಡವಾಗಿ. ಜುಬೇದಾ ಎಂಬ ಹುಡುಗಿ 'ಅಪ್ಪ' ಎಂದು ಬಾಯಿ ಮುಚ್ಚಿ ಕೂತ ಮೇಲೆ ಅದು ತೆವಳುತ್ತಾ ಮೇಲೇರುತ್ತಿತ್ತು. ಅದು ತನ್ನದೇ ದನಿ ಎಂದು ಅವಳಿಗೆ ತಿಳಿಯಲೇ ಇಲ್ಲ. ಬೇಸತ್ತು ಮುಖ ತಿರುಗಿಸಿದಳು.

ಬೇಗ ಏಳುವಂತೆ ಮಾಡಿ ಎಂದರು ಟೀಚರ್. ಗುರುಪಾದ ಗೆರೆಗೆ ಹಸಿರು ಬಣ್ಣ ಕೊಟ್ಟ. ಮತ್ತೆ ಹೇಳಿದರು. ಸುತ್ತ ಅಂಚು ಕಟ್ಟಿಕೊಟ್ಟ. ಟೀಚರ್‌ಗೆ ರೇಗಿಹೋಯಿತು.

“ನಾನು ಕೇಳಿದ್ದು ಬೇಗ, ನೀವು ಕೊಡ್ತಿರೋದು ಚಂದ. ತಡ ಯಾಕೆ ಆಗುತ್ತೆ, ಅದನ್ನ ಹೇಳಿ.”

ಗುರುಪಾದ ವಿವರಿಸಿದ. ಯಂತ್ರದೊಳಗೆ ಚಿತ್ರ ಬರೆಯಲೆಂದೇ ಒಂದು ವ್ಯವಸ್ಥೆ ಇದೆ. ಒಂದೊಂದು ಚುಕ್ಕೆಗೂ ಅದರ ಅಪ್ಪಣೆ ಬೇಕು. ಚುಕ್ಕೆ ಪರದೆಯೊಳಗಿದೆಯೇ, ಯಾವ ಬಣ್ಣ ಎಂದೆಲ್ಲ ವಿಚಾರಿಸಿ ಅದು ಇಡುತ್ತದೆ. ಮುಂದಿನ ಚುಕ್ಕೆಗೆ ಮತ್ತೆ ಅದೇ ವಿಚಾರಣೆ. ಪರದೆಯ ಮೇಲೆ ಕಾಣುವುದನ್ನೆಲ್ಲ ಇಟ್ಟುಕೊಳ್ಳುವ ಮೆಮೊರಿಯಲ್ಲೇ ನೇರವಾಗಿ ಬರೆದರೆ ಇದ್ಯಾವುದೂ ಇಲ್ಲ. ಆದರೆ ಅದು ಕ್ರಮವಲ್ಲ ಎಂದ.

“ಕ್ರಮ ನೋಡ್ತಾ ಕೂತ್ರೆ ಈ ಮಗು ಮಾತು ಕಲಿಯೋದು ಯಾವಾಗ?” ಎಂದರು ಟೀಚರ್.

ಗುರುಪಾದ ಮನೆಗೆ ಹೋಗಿ, ಎಲ್ಲ ವಿಚಾರಣೆಯನ್ನೂ ಕಿತ್ತುಹಾಕಿ ನೇರವಾಗಿ ಬರೆದು ತಂದ. ಜುಬೇದಾ ದನಿ ತೆಗೆಯುತ್ತಲೇ ಗೆರೆ ಚಂಗನೆ ಜಿಗಿಯಿತು. ಅವಳು ತನ್ನ ಗಂಟಲು ಮುಟ್ಟಿಕೊಂಡಳು, ಪರದೆ ಮುಟ್ಟಿದಳು. ಖುಷಿ ತಡೆಯದೆ ಜೋರಾಗಿ ಕೂಗಿದಳು. ಗೆರೆ ಪರದೆಯ ತುದಿ ದಾಟಿ ಮೆಮೊರಿಯಲ್ಲಿ ಯಂತ್ರದ ಸ್ವಂತ ಕೆಲಸಕ್ಕಿದ್ದ, ಮುಟ್ಟಬಾರದ ಜಾಗಕ್ಕೆ ನುಗ್ಗಿತು. ಯಂತ್ರ ನಿಂತೇಹೋಯಿತು. ತಾನು ಕೂಗಿದ್ದಕ್ಕೇ ಕೆಟ್ಟಿತೆಂದು ಹೆದರಿ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಟೀಚರ್ ತಲೆ ಮೇಲೆ ಕೈ ಹೊತ್ತು ಕೂತರು. “ಮೊದಲು ಚುಕ್ಕೆ ಚುಕ್ಕೆಗೂ ಕೇಳ್ತಿತ್ತು, ಈಗ ಒಂದು ಸಲವೂ ಕೇಳಲ್ಲ. ಇವೆರಡರ ನಡುವೆ ಏನೂ ಇಲ್ಲವಾ, ಗುರುಪಾದರೇ?”

ಆ ಮಾತು ಅವನಿಗೆ ನಾಟಿತು. ಅಲ್ಲೇ ಕೂತು ಒಂದೇ ಒಂದು ಪರೀಕ್ಷೆ ಸೇರಿಸಿದ. ಗೆರೆ ಎಳೆಯುವ ಮೊದಲು ಅದರ ಎತ್ತರ ನೋಡಬೇಕು, ಹೆಚ್ಚಾದರೆ ತುದಿಯಲ್ಲೇ ನಿಲ್ಲಿಸಬೇಕು. ಆಮೇಲೆ ಚುಕ್ಕೆಗಳೆಲ್ಲ ವಿಚಾರಣೆಯಿಲ್ಲದೆ ನೇರ.

ಯಂತ್ರ ಆವತ್ತೇ ಸರಿಹೋಯಿತು, ಹುಡುಗಿ ಸರಿಹೋಗಲಿಲ್ಲ. ತಮ್ಮ ಗಂಟಲು ಕಟ್ಟುವವರೆಗೆ ಟೀಚರೇ ದಿನವೂ ಮೈಕಿನ ಮುಂದೆ ಕೂಗಿ, ನೋಡು ಏನೂ ಆಗಲ್ಲ ಎಂದು ತೋರಿಸಬೇಕಾಯಿತು. ಕೊನೆಗೊಂದು ದಿನ ಜುಬೇದಾ ಬಾಯಿಂದ ಕೈ ತೆಗೆದು ಮೆಲ್ಲಗೆ ದನಿ ತೆಗೆದಳು. ಗೆರೆಯೂ ಆ ಕ್ಷಣವೇ ಮೆಲ್ಲಗೆ ಎದ್ದಿತು. ಊಟದ ಹೊತ್ತಾದರೂ ಅವಳು ಅಲ್ಲಿಂದ ಏಳಲಿಲ್ಲ.

ನೀತಿ: ಹೆಜ್ಜೆ ಹೆಜ್ಜೆಗೂ ಅಪ್ಪಣೆ ಕೇಳುವವನ ಕೆಲಸ ಹೊತ್ತಿಗೆ ಒದಗದು, ಏನನ್ನೂ ನೋಡದೆ ನುಗ್ಗುವವನ ಕೆಲಸ ಉಳಿಯದು. ನೋಡಬೇಕಾದ್ದನ್ನು ಮೊದಲೇ ಒಮ್ಮೆ ನೋಡಿಕೊಳ್ಳಿ, ಆಮೇಲೆ ತಡಮಾಡದೆ ನಡೆಯಿರಿ.