ಎಲ್ಲರಿಗಿಂತ ಎತ್ತರದ ಸೌದೆ ಒಟ್ಟಿಲು

ಬೆಟ್ಟದ ತಪ್ಪಲಿನ ಒಂದು ಊರಿನಲ್ಲಿ ಮಾಗಿಯ ಚಳಿ ಬಹಳ ಕಠಿಣ. ಚಳಿ ಶುರುವಾಗುವ ಮೊದಲೇ ಪ್ರತಿ ಮನೆಯ ಹಿತ್ತಿಲಿನಲ್ಲೂ ಸೌದೆಯ ಒಟ್ಟಿಲು ಏಳಬೇಕು. ಸಂಬಂಧ ಬೆಳೆಸಲು ಬಂದವರು ಮೊದಲು ಅದರತ್ತ ಕಣ್ಣು ಹಾಯಿಸಿ, ಆಮೇಲೆ ಜಗುಲಿಯಲ್ಲಿ ಕೂರುವುದು ಅಲ್ಲಿನ ರೂಢಿ.

ಆ ವರ್ಷ ದುಂಡಮ್ಮನಿಗೆ ಸೌದೆ ಹೆಚ್ಚೇ ಬೇಕಿತ್ತು. ಮಗಳು ನೀಲಮ್ಮ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಬಾಣಂತಿಗೂ ಕೂಸಿಗೂ ದಿನವೂ ಹಂಡೆ ತುಂಬ ಬಿಸಿನೀರು ಬೇಕು, ಕೋಣೆಯಲ್ಲಿ ಕೆಂಡದ ಕಾವು ಬೇಕು. ಆದರೆ ಕೊಡಲಿ ಹಿಡಿದಾಗಲೆಲ್ಲ ದುಂಡಮ್ಮನ ಮನಸ್ಸು ಮೋಟುಗೋಡೆ ದಾಟಿ ಪಕ್ಕದ ಮನೆಯ ಸಣ್ಣತಾಯಮ್ಮನ ಹಿತ್ತಿಲಿಗೆ ಓಡುತ್ತಿತ್ತು.

ಸಣ್ಣತಾಯಮ್ಮ ಮಕ್ಕಳಿಲ್ಲದ ಒಂಟಿ ಹೆಂಗಸು. ಅವಳ ಒಲೆ ಹೊಗೆಯಾಡುವುದೇ ಇಲ್ಲವೆಂದು ಊರೆಲ್ಲ ಹೊಗಳುತ್ತಿತ್ತು. ಹಿಂದೆ ಯಾರೋ ಜಂಗಮರು ಆ ಹಿತ್ತಿಲಿನಲ್ಲಿ ಬೆತ್ತ ಊರಿ ಹರಸಿದ್ದರಂತೆ. ಬೆತ್ತ ಊರಿದ್ದನ್ನು ಕಂಡವರು ಯಾರೂ ಇರಲಿಲ್ಲ. ಸಣ್ಣತಾಯಮ್ಮ ಬೇಸಿಗೆಯಲ್ಲೇ ಕೊರಡುಗಳನ್ನು ಸೀಳಿ ಒಣಹಾಕುತ್ತಿದ್ದುದನ್ನು ಎಲ್ಲರೂ ಕಂಡಿದ್ದರು. ಆದರೆ ಅದನ್ನು ಯಾರೂ ಕಥೆಯಾಗಿ ಹೇಳುತ್ತಿರಲಿಲ್ಲ.

"ಆ ಜಂಗಮಯ್ಯನಿಗೆ ನಮ್ಮ ಹಿತ್ತಿಲು ಕಾಣಲಿಲ್ಲವಾ? ಒಂಟಿ ಜೀವಕ್ಕೆ ಅಷ್ಟು ಸೌದೆ ಯಾಕೆ, ಚಿತೆಗಾ?" ಎಂದು ದುಂಡಮ್ಮ ಗಂಡನ ಮುಂದೆ ಗೊಣಗುತ್ತಿದ್ದಳು.

ಆಚೆ ಒಂದು ಸಾಲು ಏರಿದರೆ ಈಚೆ ಎರಡು ಏರಬೇಕು. ಸೀಳಿದ ಸೌದೆ ಅಡಕವಾಗಿ ಕೂರುತ್ತದೆ, ಒಟ್ಟಿಲು ಬೇಗ ಬೆಳೆಯುವುದಿಲ್ಲ. ಅದಕ್ಕೇ ಅವಳು ಹಸಿ ಕೊರಡುಗಳನ್ನು ಇಡಿಯಾಗಿಯೇ ಪೇರಿಸಿದಳು. ಮಂಜು ಬೀಳದಂತೆ ಮೇಲಿನಿಂದ ಬುಡದವರೆಗೆ ಟಾರ್ಪಾಲು ಹೊದಿಸಿದಳು.

ಕಾರ್ತಿಕದ ಒಂದು ಬೆಳಿಗ್ಗೆ ಸಣ್ಣತಾಯಮ್ಮ ಮಳೆಗಾಲದ ತೇವ ಆರಲೆಂದು ತನ್ನ ಒಟ್ಟಿಲನ್ನು ಕೆಡವಿ, ಸೌದೆಯನ್ನೆಲ್ಲ ಬಿಸಿಲಿಗೆ ಹರವಿದಳು. ದುಂಡಮ್ಮನಿಗೆ ಹಬ್ಬವಾಯಿತು. ಈಗ ಊರಿಗೇ ಎತ್ತರದ ಒಟ್ಟಿಲು ಅವಳದೇ!

ಅಷ್ಟರಲ್ಲಿ ಗೋಡೆಯಾಚೆಯಿಂದ ಮಾತು ಬಂತು. "ದುಂಡಮ್ಮಾ, ನಿನ್ನದನ್ನೂ ಒಂದ್ಸಲ ಕೆಡವಿ ಸೀಳಿಸವ್ವ. ಹಸಿ ಕೊರಡು ಹೊದಿಕೆಯೊಳಗೆ ಬೆವರ್ತದೆ. ಬಾಣಂತಿ ಮನೆ ನೋಡು."

ದುಂಡಮ್ಮ ಸೊಂಟಕ್ಕೆ ಕೈಯಿಟ್ಟಳು. "ಕೆಡವಬೇಕಾ? ನಿನ್ನದು ಕುಗ್ಗಿತು ಅಂತ ನನ್ನದೂ ಕುಗ್ಗಬೇಕಾ ಅಕ್ಕಾ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡವಾ?"

ಸಣ್ಣತಾಯಮ್ಮ ಸೌದೆ ತಿರುವಿಹಾಕತೊಡಗಿದಳು. ಅಂದು ಸಂಜೆ ದುಂಡಮ್ಮ ಇನ್ನೊಂದು ಸಾಲು ಏರಿಸಿದಳು.

ಮಾಗಿ ಬಂತು. ನೀಲಮ್ಮ ಹೆಣ್ಣುಕೂಸು ಹೆತ್ತಳು. ದುಂಡಮ್ಮ ಹೊದಿಕೆ ಸರಿಸಿದಾಗ ಕೊರಡುಗಳ ಮೈಮೇಲೆ ಬೂಷ್ಟು ಹಬ್ಬಿತ್ತು. ಒಲೆಗಿಟ್ಟರೆ ಸುಂಯ್ ಎಂದು ನೊರೆ ಕಾರಿದವೇ ಹೊರತು ಉರಿಯಲಿಲ್ಲ. ಊದಿ ಊದಿ ಅವಳ ಕೆನ್ನೆ ನೊಂದಿತು. ಹಂಡೆಯ ನೀರು ಉಗುರುಬೆಚ್ಚಗೂ ಆಗಲಿಲ್ಲ. ಮನೆಯೆಲ್ಲ ಹೊಗೆ ತುಂಬಿ ಕೂಸು ಕೆಮ್ಮತೊಡಗಿತು.

"ಅವ್ವಾ, ನಮ್ಮನ್ನು ಸಣ್ಣತಾಯವ್ವನ ಮನೆಗೆ ಕಳಿಸು. ಅಲ್ಲಿ ಉಸಿರಾದರೂ ಆಡಬಹುದು," ಎಂದಳು ನೀಲಮ್ಮ.

ಆ ಮಾತು ಬರೆಯಿಟ್ಟಂತಾಯಿತು. ನನ್ನ ಮೊಮ್ಮಗಳಿಗೆ ಅವಳ ನೀರೇ? ಅವಳ ಕೈಯೇ? ದುಂಡಮ್ಮ ಮತ್ತೆ ಊದುಕೊಳವೆ ಎತ್ತಿಕೊಂಡಳು. ಕೂಸು ಕೆಮ್ಮಿ ಕೆಮ್ಮಿ, ಅಳಲೂ ದನಿಯಿಲ್ಲದೆ ಬಾಯಿ ತೆರೆಯಿತು. ಊದುಕೊಳವೆ ಕೈಯಿಂದ ಜಾರಿತು.

ಅವಳು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಮಗಳನ್ನು ಕರೆದುಕೊಂಡು ಆಚೆ ಮನೆಯ ಬಾಗಿಲಲ್ಲಿ ನಿಂತಳು. ಬಚ್ಚಲಿನಲ್ಲಿ ನೀರು ಮರಳುತ್ತಿತ್ತು.

"ತಗೋ ಅಕ್ಕಾ," ದುಂಡಮ್ಮ ತಲೆಯೆತ್ತದೆ ಕೂಸನ್ನು ಚಾಚಿದಳು. "ನೀನೇ ನೀರು ಹಾಕು."

"ಅಜ್ಜಿ ನೀನಿರುವಾಗ ನಾನು ಹಾಕೋದಾ? ಸರಿಹೋಯ್ತು! ಕುಂತ್ಕೊ, ಕಾಲು ಚಾಚು. ನಾನು ನೀರು ಹದ ಮಾಡಿ ಕೊಡ್ತೀನಿ," ಎಂದು ಸಣ್ಣತಾಯಮ್ಮ ಚೆಂಬು ಎತ್ತಿಕೊಂಡಳು.

ಬಿಸಿನೀರು ಬೀಳುತ್ತಲೇ ಕೂಸು ಮೈ ಸಡಿಲಿಸಿ ಕಣ್ಣು ಮುಚ್ಚಿತು. ದುಂಡಮ್ಮನ ಕಣ್ಣಿಂದ ನೀರು ಒಂದೇ ಸಮನೆ ಹರಿಯಿತು. ಆ ಬಚ್ಚಲಿನಲ್ಲಿ ಹೊಗೆ ಎಳ್ಳಷ್ಟೂ ಇರಲಿಲ್ಲ.

ನೀತಿ: ನೆರೆಯವರ ಬಳಿ ಎಷ್ಟಿದೆ ಎಂಬುದನ್ನು ಅಸೂಯೆಯ ಕಣ್ಣು ಅಳೆಯುತ್ತದೆ, ಅದಕ್ಕಾಗಿ ಅವರು ಪಟ್ಟ ಶ್ರಮವನ್ನು ಕಾಣುವುದಿಲ್ಲ. ಹಿತ ಹೇಳಿದವರಲ್ಲಿಯೂ ಅದು ಹೊಟ್ಟೆಕಿಚ್ಚನ್ನೇ ಹುಡುಕುತ್ತದೆ. ಕೊನೆಗೆ ಅದರ ಹೊಗೆ ಕುಡಿಯಬೇಕಾದವರು ನಮ್ಮ ಮನೆಯವರೇ.