ಅಳಿಯನ ಕಾರಿಗೆ ಅಂಟಿಸಿದ ಚೀಟಿ

ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿನ ಚನ್ನವೀರಪ್ಪನವರು ಎಣ್ಣೆಯ ವಿಷಯದಲ್ಲೇ ಒಬ್ಬ ಮೆಕ್ಯಾನಿಕ್ಕಿಗೆ ಸೋತರು. ಹೇಗೆ ಸೋತಿರಬಹುದು, ಊಹಿಸಿ ನೋಡೋಣ!

ಹೊಸ ಅಳಿಯನಿಗೆ ಕೊಡಲೆಂದು ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು ಕೊಂಡಿದ್ದರು. ಆಯಿಲ್ ಬದಲಿಸಲು ಗ್ಯಾರೇಜಿಗೆ ತಂದರು.

"ಎಂಜಿನ್ನಿಗೆ ಗಾಳಿ ಒತ್ತೋ ಈ ಟರ್ಬೊ ಕೆಂಡದ ಹಾಗೆ ಕಾಯುತ್ತೆ ಸಾವ್ಕಾರ್ರೇ. ಸಾದಾ ಆಯಿಲ್ ಸುಟ್ಟು ಕರಿ ಕಟ್ಟುತ್ತೆ, ದುಬಾರಿಯಾದ್ರೂ ಸಿಂಥೆಟಿಕ್ಕೇ ಬೇಕು" ಎಂದ ಮೆಕ್ಯಾನಿಕ್.

"ಎಣ್ಣೆ ಮಿಲ್ಲಿನವನಿಗೇ ಎಣ್ಣೆ ಪಾಠ ಹೇಳ್ತೀಯೇನೋ? ಸಾದಾನೇ ಹಾಕು. ಟರ್ಬೊ ಹೋದ್ರೆ ನಿನ್ನ ಗ್ಯಾರೇಜಿಗೆ ಬೀಗ ಹಾಕಿಸ್ತೀನಿ!"

ಹಾಕಿದ ಆಯಿಲ್ ಯಾವುದೆಂದು ಬರೆದು ಬಾನೆಟ್ಟಿನೊಳಗೆ ಚೀಟಿ ಅಂಟಿಸುವುದು ಆ ಗ್ಯಾರೇಜಿನ ಪದ್ಧತಿ. ಮೆಕ್ಯಾನಿಕ್ ಡಬ್ಬಿ ಮುಟ್ಟುವ ಮೊದಲೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ: "ಸಾದಾ ಆಯಿಲ್. ಮೆಕ್ಯಾನಿಕ್ ಬೇಡವೆಂದರೂ ಮಾವನವರು ಹಠ ಹಿಡಿದು ಹಾಕಿಸಿದ್ದು."

ಸಾಹುಕಾರರ ಮುಖ ಹರಳೆಣ್ಣೆ ಕುಡಿದಂತಾಯಿತು. "ಅಳಿಯಂದ್ರು ಓದ್ತಾರೆ ಕಣೋ! ಬೀಗರ ಮುಂದೆ ಮಾನ ಹೋಗುತ್ತೆ, ಕಿತ್ತಾಕು!"

"ಗ್ಯಾರೇಜು ನಂದು, ಅಕ್ಷರ ನಂದು, ಹಠ ಮಾತ್ರ ನಿಮ್ದು. ಆಯಿಲ್ ಬದಲಾದ್ರೆ ಚೀಟಿನೂ ಬದಲಾಗುತ್ತೆ."

ಸಾಹುಕಾರರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ಸಿಂಥೆಟಿಕ್ಕೇ ಸುರಿ. ಆದರೆ 'ಮಾವನವರ ಅಪ್ಪಣೆಯಂತೆ' ಅಂತ ಬರಿ!"

ಇದು ನಡೆದದ್ದು ಎರಡು ಸಾವಿರದ ಹದಿನೆಂಟನೇ ಇಸವಿ ನವೆಂಬರ್ ಐದು, ಸೋಮವಾರ, ನೀರು ತುಂಬುವ ಹಬ್ಬದ ದಿನ.