ಹಳೆ ಮಾತಿಗೆ ಗಂಟೆ

"ಸರ್, ಸಾಕ್ಷಿಗಳಿಗೆ ಪಾಟೀಸವಾಲು ಹಾಕುವುದು ಕಲಿಸಿದಿರಿ, ಕಲಿತೆ. ಕಾನೂನು ಓದಿಸಿದಿರಿ, ಓದಿದೆ. ಅಪರಾಧ ಸಾಬೀತಾದ ಮೇಲೆ ಶಿಕ್ಷೆಯ ಬಗ್ಗೆ ನಾಲ್ಕು ಮಾತು ಹೇಳುವುದಕ್ಕೂ ತರಬೇತಿ ಬೇಕೇ?"

ಕೇಳಿದವಳು ನಾಗವೇಣಿ. ಗಲ್ಲುಶಿಕ್ಷೆ ಆಗಬಹುದಾದ ಮೊಕದ್ದಮೆಗಳಲ್ಲಿ ಆರೋಪಿಯ ಪರ ನಿಲ್ಲುವ ವಕೀಲರಿಗೆಂದು ನಡೆಯುತ್ತಿದ್ದ ಶಿಬಿರದಲ್ಲಿ ಅವಳೇ ಎಲ್ಲರಿಗಿಂತ ಚುರುಕು. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಅವಳ ಕಕ್ಷಿದಾರನ ಮೇಲೆ ಕೊಲೆ ಸಾಬೀತಾಗಿತ್ತು. ಗಲ್ಲೋ, ಜೀವಾವಧಿಯೋ ಎಂಬ ವಿಚಾರಣೆ ಸೋಮವಾರಕ್ಕಿತ್ತು. ಅಂದು ಆಡಬೇಕಾದ ಮಾತನ್ನು ಅವಳು ಆಗಲೇ ಬಾಯಿಪಾಠ ಮಾಡಿಕೊಂಡು ಶಿಬಿರದಲ್ಲೂ ಒಪ್ಪಿಸಿದ್ದಳು. ಬಡವ, ಚಿಕ್ಕ ವಯಸ್ಸು, ಮುದಿ ತಾಯಿ, ಮೊದಲ ತಪ್ಪು, ಕರುಣೆ ಇರಲಿ. ಕನ್ನಡಿಯ ಮುಂದೆ ನಿಂತು ಹೇಳಿಕೊಂಡಾಗ ಅವಳ ಕಣ್ಣೇ ಒದ್ದೆಯಾಗಿತ್ತು.

ಪಾಠ ಹೇಳುತ್ತಿದ್ದವರು ಕೊಟ್ರಗೌಡರು. ಪಾಠದ ಹೊತ್ತಿಗೆ ಸರ್, ಉಳಿದ ಹೊತ್ತಿಗೆ ಎಲ್ಲರಿಗೂ ಗೌಡಮಾವ. ತಮ್ಮನ್ನು ಹೊಗಳುವ ಕೆಲಸವನ್ನು ಅವರು ಎಂದೂ ಬೇರೆಯವರಿಗೆ ಬಿಟ್ಟುಕೊಟ್ಟವರಲ್ಲ.

"ಒಳ್ಳೇ ಪ್ರಶ್ನೆ ವಕೀಲಮ್ಮ," ಎಂದರು ಮಾವ. "ಇದಕ್ಕೆ ಉತ್ತರ ಗೊತ್ತಿರೋನು ಏಳು ಜಿಲ್ಲೆಗೆ ನಾನೊಬ್ಬನೇ. ಒಂದು ಕತೆ ಹೇಳ್ತೀನಿ. ಒಂದಕ್ಷರ ಸುಳ್ಳಿಲ್ಲ. ನನ್ನ ಕರಿಕೋಟಿನ ಆಣೆ, ಅದರಲ್ಲಿ ಉಳಿದಿರೋ ಒಂದೇ ಗುಂಡಿ ಆಣೆ."

ಹೀಗೆ ಆಣೆ ಇಟ್ಟು ಮಾವ ಹೇಳಿದ ಕತೆ ಇದು.

ಒಂದು ರಾಜ್ಯವಿತ್ತು. ಅಲ್ಲಿನ ದೊರೆ ಒಂದು ದಿನ ತಾನು ಗಲ್ಲಿಗೆ ಹಾಕಿಸಿದವರನ್ನು ನೆನಪು ಮಾಡಿಕೊಳ್ಳಲು ಕೂತ. ಒಬ್ಬನ ಮುಖವೂ ನೆನಪಿಗೆ ಬರಲಿಲ್ಲ. ವಕೀಲರು ಎಲ್ಲರ ಬಗ್ಗೆಯೂ ಒಂದೇ ಮಾತು ಹೇಳಿದ್ದರು. ಹಾಗಾಗಿ ಎಲ್ಲರೂ ಒಬ್ಬನೇ ಮನುಷ್ಯ ಎಂಬಂತಾಗಿತ್ತು. ಒಬ್ಬನನ್ನೇ ಇಷ್ಟು ಸಲ ಗಲ್ಲಿಗೆ ಹಾಕಿದೆನೇ ಎಂದು ದೊರೆಗೆ ಭಯವಾಯಿತು. ಮರುದಿನ ಸಭೆಯಲ್ಲಿ ಒಂದು ಗಂಟೆ ಕಟ್ಟಿಸಿದ. ಪಕ್ಕದಲ್ಲಿ ಒಬ್ಬನನ್ನು ಕೂರಿಸಿದ. ಹಿಂದೆ ಬೇರೆ ಯಾವ ಅಪರಾಧಿಯ ಪರವಾಗಿಯೋ ಹೇಳಿದ ಮಾತನ್ನೇ ವಕೀಲ ಈಗಿನವನ ಪರವಾಗಿಯೂ ಹೇಳಿದರೆ ಅವನು ಗಂಟೆ ಬಾರಿಸಬೇಕು. ಬಾರಿಸಿದೊಡನೆ ವಕೀಲ ಕೂರಬೇಕು. ಒಂದು ಸಲ ಮಾಫಿ, ಮುಂದಿನ ಹುಣ್ಣಿಮೆಗೆ ಮತ್ತೆ ಬರಬಹುದು. ಇನ್ನೊಮ್ಮೆ ಬಾರಿಸಿದರೆ ಅಪರಾಧಿಗೆ ಗಲ್ಲು.

ಗಂಟೆಯವನು ಮಹಾ ನಿದ್ದೆಗಾರ. ಸಭೆ ಸೇರುವ ಮೊದಲೇ ಅವನ ಗೊರಕೆ ಶುರುವಾಗುತ್ತಿತ್ತು. ಆದರೆ ಹಳೆ ಮಾತು ಕಿವಿಗೆ ಬಿದ್ದರೆ ನಿದ್ದೆಯಲ್ಲೇ ಕೈ ಗಂಟೆಗೆ ಹೋಗುತ್ತಿತ್ತು. ಅವನ ತಲೆಯಲ್ಲಿ ಹಳೆ ಮಾತುಗಳು ತುಂಬಿ ತುಂಬಿ, ಯಾವ ಪೇಟವೂ ಹಿಡಿಸುತ್ತಿರಲಿಲ್ಲ.

ಅದೇ ಊರಿನಲ್ಲಿ ಒಬ್ಬ ವಕೀಲನಿದ್ದ. ಹೊಲದ ಗಡಿ, ದನದ ಕಳವು, ಯಾವ ವ್ಯಾಜ್ಯಕ್ಕೆ ನಿಂತರೂ ಗೆಲುವು ಅವನದೇ. ಅವನು ಗಂಟಲು ಸರಿಮಾಡಿಕೊಂಡರೆ ಸಭೆಯ ಮಾಡಿನಿಂದ ಹಂಚು ಉದುರುತ್ತಿತ್ತು. ಎದುರಾಳಿ ವಕೀಲರು ತಲೆಯ ಮೇಲೆ ತಪ್ಪಲೆ ಕವುಚಿಕೊಂಡು ಬರುತ್ತಿದ್ದರು.

ಒಮ್ಮೆ ಹೊಳೆಯ ದಡದಲ್ಲಿ ಒಬ್ಬ ದೋಣಿಯವನಿಗೂ ಒಬ್ಬ ವ್ಯಾಪಾರಿಗೂ ಜಗಳವಾಯಿತು. ದೋಣಿಯವನು ಹುಟ್ಟುಗೋಲಿನಿಂದ ಹೊಡೆದ. ವ್ಯಾಪಾರಿ ಸತ್ತ. ನೋಡಿದವರು ಬಹಳ ಜನ. ದೋಣಿಯವನೂ ಇಲ್ಲವೆನ್ನಲಿಲ್ಲ. ಅವನ ಪರ ನಿಲ್ಲಲು ದೊರೆ ಈ ವಕೀಲನನ್ನೇ ಕರೆಸಿದ.

ವಕೀಲ ಎದ್ದು ನಿಂತ. ಅಂಗವಸ್ತ್ರ ಕೊಡವಿದ. "ಮಹಾಸ್ವಾಮಿ, ಇವನು ಬಡವ..." ಎಂದ.

ಗಂಟೆ ಢಣ್ ಎಂದಿತು.

ವಕೀಲ ಅಂಗವಸ್ತ್ರ ಸುತ್ತಿಕೊಂಡು ಕೂತ. ಎರಡನೇ ಮಾತಿಗೆ ಹೋಗದೆ ಕೂತದ್ದು ಅವನ ಬದುಕಿನಲ್ಲಿ ಅದೇ ಮೊದಲು. ಗಂಟೆಯವನ ಗೊರಕೆ ಮಾತ್ರ ನಿಲ್ಲಲಿಲ್ಲ.

ವಕೀಲ ನೇರ ಬಂದೀಖಾನೆಗೆ ಹೋದ. ದೋಣಿಯವನು ಅವನನ್ನು ನೋಡಿ ನಕ್ಕ.

"ಏನು ಸ್ವಾಮಿ, ಗಂಟೆ ಇಲ್ಲಿಗೂ ಕೇಳಿಸ್ತು. ನಿಮ್ಮ ದನಿಗಿಂತ ಜೋರಾಗೇ ಇತ್ತು."

"ನಿನ್ನ ಬಗ್ಗೆ ಏನಾದರೂ ಹೇಳಪ್ಪ."

"ಬಡವ ಅಂತ ನೀವೇ ಹೇಳಿದ್ರಲ್ಲ. ಅದಕ್ಕಿಂತ ಇನ್ನೇನಿದೆ?"

ದೋಣಿಯವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ವಕೀಲ ಹೊಳೆಯಾಚೆಗಿನ ಅವನ ಊರಿಗೆ ಹೋದ. ಇವನ ಬಗ್ಗೆ ಒಳ್ಳೆಯದೇನಾದರೂ ಹೇಳಿ ಎಂದು ಮನೆಮನೆಯಲ್ಲಿ ಕೇಳಿದ. ಜನ ಕರುಣೆಯಿಂದ ಹೇಳಿದರು. ಒಳ್ಳೆಯವನು, ಇರುವೆಗೂ ನೋವು ಮಾಡಿದವನಲ್ಲ, ಏನೋ ಕೆಟ್ಟ ಗಳಿಗೆ. ಒಂದೊಂದು ಮಾತು ಕೇಳಿದಾಗಲೂ ವಕೀಲನ ಕಿವಿಯೊಳಗೆ ಗಂಟೆ ಮೊಳಗುತ್ತಿತ್ತು. ಕೊನೆಗೆ ಅವನು ಒಳ್ಳೆಯದನ್ನು ಕೇಳುವುದು ಬಿಟ್ಟ. ಮುಖ ಗಂಟಿಕ್ಕಿಕೊಂಡು ಕೂತಿದ್ದ ಒಬ್ಬ ಕುರಿಗಾಹಿ ಹೆಂಗಸಿನ ಬಳಿ ಹೋದ.

"ಅವನ ಮೇಲೆ ನಿನಗೇನು ಸಿಟ್ಟು ತಾಯಿ?"

"ಸಿಟ್ಟು ಬರದೆ ಇನ್ನೇನು? ದೋಣೀಲಿ ನನ್ನ ಟಗರು ಕಟ್ಟೋ ಅಂದ್ರೆ ಕಟ್ಟಲ್ಲ ಆ ಮೂಢ. ಹಗ್ಗ ಅನ್ನೋದನ್ನೇ ಇಟ್ಕೊಳ್ಳಲ್ಲ. ದೋಣಿನೂ ಕಟ್ಟಲ್ಲ, ದಡದ ಮೇಲಕ್ಕೆ ಎಳೆದಿಡ್ತಾನೆ. ಟಗರು ಹೊಳೆಗೆ ಹಾರಿದ್ರೆ ತಾನೂ ಹಾರಿ ಎತ್ಕೊಂಡು ಬರ್ತಾನೆ. ಕಟ್ಟೋದು ಸುಲಭನೋ, ಹಾರೋದು ಸುಲಭನೋ?"

"ಹಗ್ಗ ಯಾಕಿಲ್ಲ?"

ಹೆಂಗಸು ಕೈಯಲ್ಲಿದ್ದ ಕೋಲನ್ನು ಕೆಳಗಿಟ್ಟಳು. "ಅವನ ಮಲತಂದೆ ಕಾಲದಲ್ಲಿ ಇತ್ತು. ಎರಡು ಹಗ್ಗ. ಒಂದು ದೋಣಿಗೆ, ಒಂದು ಇವನ ಸೊಂಟಕ್ಕೆ. ಕೂಸು ಓಡಿಹೋಗದ ಹಾಗೆ ಗೂಟಕ್ಕೆ ಬಿಗೀತಿದ್ದ. ಉಣ್ಣೋದು, ಮಲಗೋದು ಎಲ್ಲ ಅಲ್ಲೇ. ನಾವೆಲ್ಲ ಅದನ್ನ ನೋಡ್ಕೊಂಡೇ ಅದೇ ದೋಣೀಲಿ ಹೊಳೆ ದಾಟಿದ್ದೀವಿ."

ವಕೀಲನಿಗೆ ಆಗ ಒಬ್ಬ ಸಾಕ್ಷಿಯ ಮಾತು ನೆನಪಾಯಿತು. ಕಾದು ಬೇಸತ್ತ ವ್ಯಾಪಾರಿ ತನ್ನ ಮೂಟೆಯ ಹಗ್ಗ ಬಿಚ್ಚಿ, ದೋಣಿಯವನ ಸೊಂಟಕ್ಕೆ ಬಿಗಿದು, ಬಾರೋ ಎತ್ತೇ ಎಂದು ಎಳೆದಿದ್ದ. ನಿಂತಿದ್ದವರೆಲ್ಲ ನಕ್ಕಿದ್ದರು. ಹುಟ್ಟುಗೋಲು ಮೇಲೆದ್ದದ್ದು ಆಗ. ಸಾಕ್ಷಿ ಇದನ್ನು ಸಭೆಯಲ್ಲೇ ಹೇಳಿದ್ದ. ಬರೀ ತಮಾಷೆ, ಇದರಿಂದ ಏನಾಗಬೇಕು ಎಂದು ವಕೀಲನೇ ಅದನ್ನು ಬಿಟ್ಟುಬಿಟ್ಟಿದ್ದ.

ಅವನು ಓಡಿ ಬಂದೀಖಾನೆಗೆ ಬಂದ. ಹಗ್ಗ ಎಂಬ ಒಂದೇ ಮಾತು ಹೇಳಿದ. ದೋಣಿಯವನ ನಗು ಹೋಯಿತು.

"ಅದನ್ನ ಸಭೇಲಿ ಎತ್ತಿದ್ರೆ ಗಂಟೆ ನಾನೇ ಬಾರಿಸ್ತೀನಿ. ದನದ ಹಾಗೆ ಕಟ್ಟಿಸ್ಕೊಂಡು ಬೆಳೆದವನು ಅಂತ ಲೋಕಕ್ಕೆಲ್ಲ ಗೊತ್ತಾಗೋದಕ್ಕಿಂತ ಗಲ್ಲೇ ವಾಸಿ."

ವಕೀಲ ಅಲ್ಲೇ ನೆಲದ ಮೇಲೆ ಕೂತ. ಮರುದಿನವೂ ಬಂದು ಕೂತ. ಮೊಕದ್ದಮೆಯ ಮಾತೆತ್ತಲಿಲ್ಲ. ಹೊಳೆಯ ಸುಳಿ ಹೇಗೆ ಗೊತ್ತಾಗುತ್ತದೆ, ಯಾವ ಮೀನಿಗೆ ಮುಳ್ಳು ಕಡಿಮೆ ಎಂದು ಕೇಳಿದ. ಹುಣ್ಣಿಮೆ ಹತ್ತಿರ ಬರುತ್ತಿತ್ತು.

"ನಿಮಗೆ ಬೇರೆ ಕೆಲಸ ಇಲ್ಲವಾ ಸ್ವಾಮಿ?" ಎಂದ ದೋಣಿಯವನು ಒಂದು ದಿನ.

"ಇತ್ತು. ಬಿಟ್ಟೆ."

ದೋಣಿಯವನು ಸೊಂಟ ಸವರಿಕೊಂಡ. "ಹೇಳೋದಾದ್ರೆ ಹೇಳಿ. ಆದ್ರೆ ಹೇಳುವಾಗ ನಾನು ಯಾರ ಮುಖವನ್ನೂ ನೋಡಲಾರೆ."

"ಗೋಡೆಗೆ ಮುಖ ಮಾಡಿ ನಿಲ್ಲು. ನೋಡಬೇಕಾದವರು ಅವರು, ನೀನಲ್ಲ."

ಹುಣ್ಣಿಮೆಯ ದಿನ ಸಭೆ ಸೇರಿತು. ಹಂಚು ಉದುರುವುದನ್ನು ನೋಡಲು ಬಂದ ಜನಕ್ಕೆ ಲೆಕ್ಕವಿಲ್ಲ. ವಕೀಲ ಎದ್ದ. ಗಂಟಲು ಸರಿಮಾಡಿಕೊಳ್ಳಲಿಲ್ಲ. ವ್ಯಾಪಾರಿಯ ಹೆಂಡತಿಗೆ ಮೊದಲು ಕೈಮುಗಿದ. ನಿನ್ನ ಗಂಡನ ಸಾವನ್ನು ನಾನು ಚಿಕ್ಕದು ಮಾಡುವುದಿಲ್ಲ ತಾಯಿ ಎಂದ. ಆಮೇಲೆ ಆ ಎರಡು ಹಗ್ಗಗಳ ಬಗ್ಗೆ ಹೇಳಿದ. ಹೊಳೆಗೆ ಹಾರಿದ ಟಗರಿನ ಬಗ್ಗೆ ಹೇಳಿದ. ಹಗ್ಗವಿಲ್ಲದ ದೋಣಿಯ ಬಗ್ಗೆ ಹೇಳಿದ. ವ್ಯಾಪಾರಿಯ ಮೂಟೆಯಿಂದ ಬಂದ ಹಗ್ಗದ ಬಗ್ಗೆಯೂ ಹೇಳಿದ. ಕರುಣೆ ಎಂಬ ಮಾತು ಒಮ್ಮೆಯೂ ಬರಲಿಲ್ಲ. ದೋಣಿಯವನು ಗೋಡೆಗೆ ಮುಖ ಮಾಡಿ ನಿಂತಿದ್ದ. ಅವನ ಬೆನ್ನನ್ನು ಸಭೆಯೆಲ್ಲ ನೋಡಿತು.

ಗೊರಕೆ ಯಾವಾಗ ನಿಂತಿತು ಎಂದು ಯಾರಿಗೂ ತಿಳಿಯಲಿಲ್ಲ. ತಿರುಗಿ ನೋಡಿದರೆ ಗಂಟೆಯವನು ಕಣ್ಣು ಬಿಟ್ಟು ಕೂತಿದ್ದ. ಅವನ ಕಣ್ಣು ಯಾವ ಬಣ್ಣದ್ದು ಎಂದು ಆ ಊರಿಗೆ ಗೊತ್ತಾದದ್ದೇ ಅಂದು.

ದೊರೆ ಎದ್ದ. "ಇವನು ಯಾರು ಎಂದು ಈಗ ನನಗೆ ಗೊತ್ತು. ಬಂದೀಖಾನೆಯಲ್ಲೇ ಇರಲಿ. ಗಲ್ಲು ಬೇಡ," ಎಂದ. ಭಟರು ಮುಂದೆ ಬಂದಾಗ ಇನ್ನೊಂದು ಮಾತು ಸೇರಿಸಿದ. "ಕರೆದುಕೊಂಡು ಹೋಗುವಾಗ ಹಗ್ಗ ಹಾಕಬೇಡಿ."

ವಕೀಲ ಎದೆಯುಬ್ಬಿಸಿಕೊಂಡು ಮನೆಗೆ ಹೋದ. ಬಾಗಿಲಲ್ಲೇ ಹೆಂಡತಿಯನ್ನು ಕೂಗಿದ. "ಕೇಳಿದೆಯೇನೇ? ಇವತ್ತು ನನ್ನ ದನಿ ಹಿಂದಿನ ಸಾಲಿಗೂ ಕೇಳಿಸಲಿಲ್ಲವಂತೆ! ಮಾಡಿನಿಂದ ಒಂದು ಹಂಚೂ ಬೀಳಲಿಲ್ಲ!" ಅಷ್ಟು ಹೆಮ್ಮೆಯಿಂದ ಅವನು ಅಲ್ಲಿಯವರೆಗೆ ಯಾವ ಗೆಲುವನ್ನೂ ಹೇಳಿಕೊಂಡಿರಲಿಲ್ಲ.

ಕತೆ ಮುಗಿಸಿ ಗೌಡಮಾವ ಮೀಸೆ ತಿರುವಿದರು. ಆ ರಾಜ್ಯವನ್ನು ತಾವೇ ಕಟ್ಟಿಸಿದವರ ಹಾಗೆ ಕಂಡರು. ನಾಗವೇಣಿಗೆ ನಗು ಬಂತು.

"ಮಾವ, ಕೋಟಿನ ಗುಂಡಿ ಮುಟ್ಟಿ ಹೇಳಿ. ಇಷ್ಟೂ ನಿಜವಾ? ಹಂಚು ಉದುರಿದ್ದು, ತಪ್ಪಲೆ ಕವುಚಿಕೊಂಡದ್ದು?"

"ಹಂಚೂ ನಿಜ, ತಪ್ಪಲೆಯೂ ನಿಜ. ಒಂದು ಸಣ್ಣ ಸಂಗತಿ ಮಾತ್ರ ನಾನೇ ಸೇರಿಸಿದ್ದು."

"ಯಾವುದು?"

"ಗಂಟೆ. ನಮ್ಮ ಕೋರ್ಟಲ್ಲಿ ಅದಿಲ್ಲ. ಸೋಮವಾರ ನೀನು ಆ ಬಾಯಿಪಾಠ ಒಪ್ಪಿಸುವಾಗ ಯಾರೂ ತಡೆಯೋದಿಲ್ಲ ಮಗಳೇ, ಪೂರ್ತಿ ಹೇಳೋದಕ್ಕೆ ಬಿಡ್ತಾರೆ."